ಅಭ್ಯಾಸವೋ, ವ್ಯಸನವೋ?

ನನ್ನ ಬಾಲ್ಯದಲ್ಲಿ ನಮ್ಮ ಮನೆಯಲ್ಲಿ ಎರಡು ಮಾತುಗಳು ದಿನವೂ ಕಿವಿಗೆ ಬೀಳುತ್ತಿದ್ದುವು. ಒಂದು, ತಂದೆಯವರಿಗೆ 'ಕಾಫಿಯ ಅಭ್ಯಾಸ' ಎಂಬುದು. ಇನ್ನೊಂದು, ನನ್ನ ಸೋದರತ್ತೆಗೆ 'ನಶ್ಯದ ಚಟ' ಎಂಬುದು. ಬೆಳಗಿನ ಜಾವ ಫಿಲ್ಟರಿನಲ್ಲಿ ಡಿಕಾಕ್ಷನ್ ಇಳಿದು, ಹಾಲು ಕಾದು, ಲೋಟ ಕೈಗೆ ಬರುವವರೆಗೆ ತಂದೆಯವರು ಯಾರೊಡನೆಯೂ ಮಾತನಾಡುತ್ತಿರಲಿಲ್ಲ. ಹಾಲಿನವನು ತಡಮಾಡಿದ ದಿನ ಮನೆಮಂದಿಯೆಲ್ಲ ಪಿಸುಮಾತಿನಲ್ಲಿ ವ್ಯವಹರಿಸುತ್ತಿದ್ದೆವು. ಅತ್ತೆಯಾದರೋ ತಂದೆಯವರ ಅಕ್ಕ. ಹರೆಯದಲ್ಲಿಯೇ ಗಂಡನನ್ನು ಕಳೆದುಕೊಂಡು ತವರಿಗೆ ಬಂದವರು. ಮಧ್ಯಾಹ್ನ ಎಲ್ಲರ ಊಟವಾದ ಮೇಲೆ ಹಿತ್ತಲಿನ ಬಾವಿಕಟ್ಟೆಯ ಮೇಲೆ ಕುಳಿತು, ಸುತ್ತಮುತ್ತ ಯಾರೂ ಇಲ್ಲವೆಂದು ನೋಡಿಕೊಂಡು, ಸೊಂಟದ ಗಂಟಿನಿಂದ ಒಂದು ತಗಡಿನ ಡಬ್ಬಿ ತೆಗೆದು, ಒಂದು ಚಿಟಿಕೆ ನಶ್ಯ ಏರಿಸುತ್ತಿದ್ದರು. ಅಂಗಡಿಯಿಂದ ಅದರ ಪೊಟ್ಟಣವನ್ನು ಗುಟ್ಟಾಗಿ ತಂದುಕೊಡುವ ಕೆಲಸ ನನ್ನದು.

ಇಬ್ಬರಿಗೂ ಇಷ್ಟು ಹೊತ್ತಿಗೆ ಇದು ಬೇಕು ಎಂಬ ಕಟ್ಟು ಇತ್ತು. ಬೇಕಾದದ್ದು ಸಿಕ್ಕದಿದ್ದರೆ ಇಬ್ಬರ ಮುಖವೂ ಸಪ್ಪಗಾಗುತ್ತಿತ್ತು. ಆದರೂ ಒಂದು ನಡುಮನೆಯಲ್ಲಿ, ಎಲ್ಲರ ಎದುರಿನಲ್ಲಿ. ಮತ್ತೊಂದು ಹಿತ್ತಲಿನಲ್ಲಿ, ಎಲ್ಲರ ಕಣ್ಣು ತಪ್ಪಿಸಿ. ಒಂದಕ್ಕೆ ಅಭ್ಯಾಸವೆಂಬ ಮರ್ಯಾದೆಯ ಹೆಸರು. ಮತ್ತೊಂದಕ್ಕೆ ಚಟವೆಂಬ ಹಗುರ ಹೆಸರು. ಈ ಹೆಸರುಗಳನ್ನು ಯಾರು ಇಟ್ಟರು, ಯಾವ ಅಳತೆಯಿಂದ ಇಟ್ಟರು ಎಂದು ಆಗ ನಾನು ಕೇಳಿಕೊಂಡವನಲ್ಲ.

ನಮ್ಮ ನಿತ್ಯದ ರೂಢಿಗಳು ಸೌಮ್ಯವಾದ ವ್ಯಸನಗಳೇ ಎಂಬ ಪ್ರಶ್ನೆಯನ್ನು ಕುರಿತು ಮಾತನಾಡಬೇಕೆಂದು ಆಕಾಶವಾಣಿಯವರು ಕೇಳಿದಾಗ ನನಗೆ ಮೊದಲು ನೆನಪಾದದ್ದು ಆ ತಗಡಿನ ಡಬ್ಬಿ. ನಾನು ವೈದ್ಯನಲ್ಲ. ಮೂವತ್ತು ವರ್ಷಗಳಿಗೂ ಹೆಚ್ಚು ಕಾಲ ಕನ್ನಡ ಪಾಠ ಹೇಳಿದವನು. ಆದ್ದರಿಂದ ಪದಗಳಿಂದ ಆರಂಭಿಸಿ, ಚರಿತ್ರೆಯ ದಾರಿಯಲ್ಲಿ ಸ್ವಲ್ಪ ದೂರ ನಡೆದು, ಮತ್ತೆ ನಮ್ಮ ಮನೆಯ ಬಾವಿಕಟ್ಟೆಗೆ ಬರುತ್ತೇನೆ.

ಅಭ್ಯಾಸ ಮತ್ತು ವ್ಯಸನ ಎಂಬ ಎರಡು ಪದಗಳು ನಮಗೆ ಹಗಲು ರಾತ್ರಿಗಳಷ್ಟು ದೂರವೆಂದು ತೋರುತ್ತವೆ. ಆದರೆ ಅವು ಒಂದೇ ತಾಯಿಯ ಮಕ್ಕಳು. ಎರಡೂ ಹುಟ್ಟಿದ್ದು 'ಎಸೆ' ಎಂಬ ಅರ್ಥವುಳ್ಳ 'ಅಸ್' ಎಂಬ ಸಂಸ್ಕೃತ ಧಾತುವಿನಿಂದ. ಒಂದರ ಕಡೆಗೆ ಮತ್ತೆ ಮತ್ತೆ ಎಸೆಯುವುದು ಅಭ್ಯಾಸ. ಚೆಲ್ಲಾಪಿಲ್ಲಿಯಾಗಿ, ಆಚೆಗೆ ಎಸೆಯುವುದು ವ್ಯಸನ. ಬಿಲ್ಲು ಹಿಡಿದವನು ಗುರಿಯತ್ತ ಬಾಣವೆಸೆದರೆ ಮೊದಲನೆಯದು. ತಾನೇ ಎಸೆಯಲ್ಪಟ್ಟರೆ ಎರಡನೆಯದು. ಕೌಟಿಲ್ಯನು ಅರ್ಥಶಾಸ್ತ್ರದ ಎಂಟನೆಯ ಅಧಿಕರಣವನ್ನು ಪೂರ್ತಿಯಾಗಿ ವ್ಯಸನಗಳ ವಿಚಾರಕ್ಕೇ ಮೀಸಲಿಟ್ಟಿದ್ದಾನೆ. ಮನುಷ್ಯನನ್ನು ಶ್ರೇಯಸ್ಸಿನಿಂದ ಆಚೆಗೆ ಎಸೆಯುವುದರಿಂದಲೇ ಅದು ವ್ಯಸನ ಎಂದು ಅವನೇ ಆ ಪದವನ್ನು ಬಿಡಿಸುತ್ತಾನೆ. ಅವನ ದೃಷ್ಟಿಯಲ್ಲಿ ಮನುಷ್ಯನಿಂದ ಬರುವ ವ್ಯಸನವಿರುವಂತೆ ದೈವದಿಂದ ಬರುವ ವ್ಯಸನವೂ ಉಂಟು. ರಾಜ್ಯಕ್ಕೆ ಬರುವ ವಿಪತ್ತೂ ವ್ಯಸನವೇ. ನಮ್ಮ ಕನ್ನಡ ಈ ಹಳೆಯ ಅರ್ಥವನ್ನು ಇನ್ನೂ ಬಿಟ್ಟುಕೊಟ್ಟಿಲ್ಲ. ಸತ್ತವರಿಗಾಗಿ ನಾವು 'ವ್ಯಸನಪಡುತ್ತೇವೆ'. ಕುಡುಕನ ಕುಡಿತಕ್ಕೂ ತಾಯಿಯ ದುಃಖಕ್ಕೂ ಒಂದೇ ಪದವನ್ನು ಬಳಸುವ ಭಾಷೆ ನಮ್ಮದು. ಇಂಗ್ಲಿಷಿನಲ್ಲಿ ವ್ಯಸನಿಗೆ ಹೇಳುವ 'ಅಡಿಕ್ಟ್' ಎಂಬ ಪದದ ಮೂಲವೂ ನೋಡತಕ್ಕದ್ದು. ಅದು ಪ್ರಾಚೀನ ರೋಮಿನ ನ್ಯಾಯಾಲಯದ ಮಾತು. ಸಾಲ ತೀರಿಸಲಾರದೆ, ತೀರ್ಪಿನ ಮೂಲಕ ಸಾಲಕೊಟ್ಟವನ ವಶಕ್ಕೆ ಒಪ್ಪಿಸಲ್ಪಟ್ಟವನನ್ನು ಹಾಗೆ ಕರೆಯುತ್ತಿದ್ದರು.

ಯಾವುದು ವ್ಯಸನ, ಯಾವುದು ಅಲ್ಲ ಎಂಬ ಪಟ್ಟಿ ಹಾಕುವ ಕೆಲಸವೂ ಪುರಾತನವಾದದ್ದೇ. ಜೈನ ಆಚಾರ್ಯರು ಜೂಜು, ಮಾಂಸ, ಮದ್ಯ, ವೇಶ್ಯಾಸಂಗ, ಬೇಟೆ, ಕಳವು, ಪರಸ್ತ್ರೀಸಂಗ ಎಂದು ಏಳನ್ನು ಎಣಿಸಿದರು. ಮನುಸ್ಮೃತಿಯ ಏಳನೆಯ ಅಧ್ಯಾಯದಲ್ಲಿ ರಾಜನಿಗೆ ಹೇಳಿರುವ ಪಟ್ಟಿ ಇನ್ನೂ ಉದ್ದ. ಕಾಮದಿಂದ ಹುಟ್ಟುವ ವ್ಯಸನಗಳು ಹತ್ತು. ಬೇಟೆ, ಪಗಡೆ, ಮದ್ಯಪಾನಗಳ ಸಾಲಿನಲ್ಲಿಯೇ ಹಗಲುನಿದ್ರೆ, ಪರರ ನಿಂದೆಯ ಹರಟೆ, ಹಾಡು, ವಾದ್ಯ, ಕುಣಿತ ಮತ್ತು ಗುರಿಯಿಲ್ಲದ ಅಲೆದಾಟ ಇವೂ ಸೇರಿವೆ. ಊಟವಾದ ಮೇಲೆ ಅರ್ಧ ಗಂಟೆ ಮಲಗಿ, ಸಂಜೆ ನಾಲ್ಕು ಹೆಜ್ಜೆ ಅಡ್ಡಾಡಿ, ಆಮೇಲೆ ಸಂಗೀತ ಕಚೇರಿಗೆ ಹೋಗಿ, ದಾರಿಯುದ್ದಕ್ಕೂ ಸಹೋದ್ಯೋಗಿಗಳ ಗುಣದೋಷ ವಿಮರ್ಶೆ ಮಾಡುವ ನಿವೃತ್ತ ಪ್ರಾಧ್ಯಾಪಕನೊಬ್ಬನು ಈ ಪಟ್ಟಿಯಲ್ಲಿ ಎಷ್ಟು ಕಡೆ ಸಿಕ್ಕಿಬೀಳುತ್ತಾನೆಂಬುದನ್ನು ಶ್ರೋತೃಗಳೇ ಲೆಕ್ಕ ಹಾಕಬಹುದು. ಆದರೆ ಈ ಪಟ್ಟಿ ರಾಜನಿಗಾಗಿ ಹಾಕಿದ್ದು. ರಾಜ್ಯಭಾರದ ಹೊಣೆ ಹೊತ್ತವನು ಹಗಲು ಮಲಗಿದರೆ ಕೆಡುವುದು ಅವನೊಬ್ಬನಲ್ಲ. ಮಾಡುವ ಕ್ರಿಯೆ ಯಾವುದು ಎಂಬುದಕ್ಕಿಂತ, ಅದರಿಂದ ಯಾವ ಕರ್ತವ್ಯ ಕೆಡುತ್ತದೆ ಎಂಬುದು ಆ ಶಾಸ್ತ್ರಕಾರರ ಅಳತೆಗೋಲು.

ವ್ಯಸನವನ್ನು ಅಲ್ಲವೆಂದು ವಾದಿಸುವವರೂ ಅಂದಿನಿಂದಲೇ ಇದ್ದರು. ಕಾಳಿದಾಸನ ಶಾಕುಂತಲ ನಾಟಕದ ಎರಡನೆಯ ಅಂಕದಲ್ಲಿ ಸೇನಾಪತಿಯೊಬ್ಬನಿದ್ದಾನೆ. ಬೇಟೆಯನ್ನು ಜನರು ವ್ಯರ್ಥವಾಗಿ ಹಳಿಯುತ್ತಾರೆ, ಅದರಿಂದ ಬೊಜ್ಜು ಕರಗುತ್ತದೆ, ಮೈ ಹಗುರಾಗುತ್ತದೆ ಎಂದು ದೊರೆಯ ಮುಂದೆ ಅವನ ವಾದ. ಕಾಫಿಯಿಂದ ಬುದ್ಧಿ ಚುರುಕಾಗುತ್ತದೆ ಎಂದು ತಂದೆಯವರು ಹೇಳುತ್ತಿದ್ದ ಧಾಟಿ ಇದೇ.

ಇನ್ನು ನಮ್ಮ ನಾಡಿನ ಅತಿ ಹಳೆಯ ನಿತ್ಯರೂಢಿಯಾದ ತಾಂಬೂಲದ ಸಂಗತಿ. ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನು 12ನೆಯ ಶತಮಾನದಲ್ಲಿ ರಚಿಸಿದ ಮಾನಸೋಲ್ಲಾಸದಲ್ಲಿ ತಾಂಬೂಲವು ರಾಜನ ಭೋಗಗಳಲ್ಲೊಂದು. 1443ರಲ್ಲಿ ಇಮ್ಮಡಿ ದೇವರಾಯನ ಆಸ್ಥಾನಕ್ಕೆ ಬಂದ ಪರ್ಷಿಯಾದ ರಾಯಭಾರಿ ಅಬ್ದುಲ್ ರಜಾಕನು ವಿಜಯನಗರದ ವೀಳ್ಯವನ್ನು ಬಾಯಿತುಂಬ ಹೊಗಳಿದ್ದಾನೆ. ಅದು ಮುಖಕ್ಕೆ ಕಳೆ ತರುತ್ತದೆ, ಮದ್ಯದಂತೆ ಉಲ್ಲಾಸ ಕೊಡುತ್ತದೆ, ಹಸಿದವನ ಹಸಿವನ್ನು ತಣಿಸುತ್ತದೆ ಎಂದು ಅವನ ವರ್ಣನೆ. ಮದ್ಯದಂತೆ ಎಂಬ ಮಾತು ಗಮನಿಸತಕ್ಕದ್ದು. ಹೊರಗಿನಿಂದ ಬಂದವನ ಕಣ್ಣಿಗೆ ಅದರ ಅಮಲು ಕಂಡಿತು. ನಮಗೆ ಅದು ಮಂಗಳದ್ರವ್ಯವಾಗಿಯೇ ಕಂಡಿತು. ಮದುವೆಯ ಮಾತು ನಿಶ್ಚಯವಾಗಬೇಕಾದರೆ ತಾಂಬೂಲ ಬದಲಾಯಿಸಬೇಕು. ಯುದ್ಧಕ್ಕೆ ಹೊರಡುವ ವೀರ ರಣವೀಳ್ಯ ಪಡೆಯಬೇಕು. ಮನೆಗೆ ಬಂದ ಮುತ್ತೈದೆ ವೀಳ್ಯವಿಲ್ಲದೆ ಹಿಂದಿರುಗುವಂತಿಲ್ಲ.

ಈ ಮಂಗಳದ್ರವ್ಯವು ಬ್ರಹ್ಮಚಾರಿಗೆ, ಯತಿಗೆ, ವಿಧವೆಗೆ ನಿಷಿದ್ಧವಾಗಿತ್ತು. ನನ್ನ ಅತ್ತೆ ಊರಿನ ಹೆಂಗಸರಿಗೆಲ್ಲ ತಟ್ಟೆ ತುಂಬ ವೀಳ್ಯ ಜೋಡಿಸಿಡುತ್ತಿದ್ದರು. ತಾವು ಒಂದು ಎಲೆ ಬಾಯಿಗಿಡುವಂತಿರಲಿಲ್ಲ. ಹಾಗಿರುವಾಗ ಆ ಕೈಗಳು ನಶ್ಯದ ಡಬ್ಬಿಯನ್ನು ಹುಡುಕಿಕೊಂಡದ್ದರಲ್ಲಿ ಆಶ್ಚರ್ಯವೇನು? ಅತ್ತಿಗೆಯರು, ನಾದಿನಿಯರು ಊಟದ ನಂತರ ಎಲೆಯಡಿಕೆ ಹಾಕಿಕೊಂಡು ಕೂರುವ ಹೊತ್ತೇ ಅವರು ಬಾವಿಕಟ್ಟೆಗೆ ಹೋಗುವ ಹೊತ್ತಾಗಿತ್ತು. ಇಲ್ಲಿ ಮತ್ತೊಂದು ಮಾತನ್ನೂ ಹೇಳಿಬಿಡಬೇಕು. ಮಂಗಳವೆಂಬ ಹೆಸರು ದೇಹವನ್ನು ಕಾಯುವುದಿಲ್ಲ. ತಂಬಾಕು ಸೇರದ ಬರಿಯ ಅಡಿಕೆಯೂ ಬಾಯಿಯ ಕ್ಯಾನ್ಸರಿಗೆ ಕಾರಣವೆಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗವು 2004ರಲ್ಲಿ ಪ್ರಕಟಿಸಿದ ವರದಿಯಲ್ಲಿ ತೀರ್ಮಾನಿಸಿದೆ.

ತಂಬಾಕಿನ ಚರಿತ್ರೆಯಲ್ಲಿಯೂ ನಮ್ಮ ನಾಡಿಗೆ ಒಂದು ಪಾಲಿದೆ. ಅಮೆರಿಕ ಖಂಡದ ಈ ಸೊಪ್ಪು ಪೋರ್ಚುಗೀಸರ ಮೂಲಕ ಪಶ್ಚಿಮ ಕರಾವಳಿಗೆ ಬಂದು, ದಖ್ಖನಿಗೆ ಹಬ್ಬಿತು. ಇಬ್ರಾಹಿಂ ಆದಿಲ್ ಶಾಹಿಯ ಕಾಲದಲ್ಲಿ, 1604ರ ಸುಮಾರಿಗೆ, ಅಕ್ಬರನ ದೂತನಾದ ಅಸದ್ ಬೇಗನು ರಾಜಕುಮಾರ ದಾನಿಯಾಲನ ಮದುವೆಯ ಸಂಬಂಧವಾಗಿ ವಿಜಾಪುರಕ್ಕೆ ಬಂದಿದ್ದ. ಅಲ್ಲಿ ತಂಬಾಕನ್ನು ಕಂಡು ಬೆರಗಾಗಿ, ಒಂದಷ್ಟನ್ನು ಕೊಂಡು, ರತ್ನಖಚಿತವಾದ ಒಂದು ಕೊಳವೆಯನ್ನು ಸಿದ್ಧಪಡಿಸಿಕೊಂಡು ಆಗ್ರಾಕ್ಕೆ ಒಯ್ದ. ಅಕ್ಬರನು ಕುತೂಹಲದಿಂದ ಒಂದೆರಡು ಬಾರಿ ಸೇದಿದನಂತೆ. ಆಸ್ಥಾನದ ವೈದ್ಯ ತಡೆದ. ನಮ್ಮ ಗ್ರಂಥಗಳಲ್ಲಿ ಇಲ್ಲದ ವಸ್ತುವನ್ನು ಬಳಸುವುದು ಹೇಗೆ ಎಂಬುದು ವೈದ್ಯನ ಆಕ್ಷೇಪ. ಯಾವ ಪದ್ಧತಿಯೂ ಒಂದು ಕಾಲಕ್ಕೆ ಹೊಸದೇ ಆಗಿತ್ತಲ್ಲವೇ ಎಂಬುದು ಅಸದ್ ಬೇಗನ ಉತ್ತರ. ಅಕ್ಬರನು ಅದನ್ನು ರೂಢಿ ಮಾಡಿಕೊಳ್ಳಲಿಲ್ಲ. ಆದರೆ ಆಸ್ಥಾನದ ಸರದಾರರು ಮಾಡಿಕೊಂಡರು; ವ್ಯಾಪಾರಿಗಳು ತರಿಸತೊಡಗಿದರು. ಅದೇ 1604ರಲ್ಲಿ ಇಂಗ್ಲೆಂಡಿನ ದೊರೆ ಮೊದಲನೆಯ ಜೇಮ್ಸನು ತಂಬಾಕನ್ನು ಖಂಡಿಸಿ ಒಂದು ಪುಸ್ತಿಕೆಯನ್ನೇ ಅಚ್ಚುಹಾಕಿಸಿದ.

1617ರಲ್ಲಿ ಜಹಾಂಗೀರನು ತಂಬಾಕು ಸೇದುವುದನ್ನು ನಿಷೇಧಿಸಿದ. ಪರ್ಷಿಯಾದ ಷಾ ಅಬ್ಬಾಸನೂ ತನ್ನ ರಾಜ್ಯದಲ್ಲಿ ಹಾಗೆಯೇ ಮಾಡಿದ್ದ. ಆದರೆ ಷಾ ಅಬ್ಬಾಸನ ಬಳಿಗೆ ರಾಯಭಾರಿಯಾಗಿ ಹೋಗಿದ್ದ ಖಾನ್ ಆಲಮನೆಂಬ ಮೊಗಲ್ ಸರದಾರನಿಗೆ ತಂಬಾಕಿಲ್ಲದೆ ಒಂದು ಕ್ಷಣವೂ ಕಳೆಯುವಂತಿರಲಿಲ್ಲ. ವಿಷಯ ಷಾಗೆ ತಿಳಿಯಿತು. ಅವನು ಸಿಟ್ಟಾಗದೆ ಅದರ ಮೇಲೊಂದು ಪದ್ಯ ಬರೆದ. ಖಾನ್ ಆಲಮನು ಪದ್ಯದಲ್ಲಿಯೇ ಉತ್ತರ ಕೊಟ್ಟು ಅನುಮತಿ ಪಡೆದ. ಜಹಾಂಗೀರನು ತನ್ನ ಆತ್ಮಕಥನದಲ್ಲಿ ಈ ಪ್ರಸಂಗವನ್ನು ನಗುನಗುತ್ತಲೇ ದಾಖಲಿಸಿದ್ದಾನೆ. ರಾಯಭಾರಿಯ ಚಟಕ್ಕೆ ಪದ್ಯ ಸಿಕ್ಕಿತು, ವಿನಾಯಿತಿಯೂ ಸಿಕ್ಕಿತು. ಸ್ವತಃ ಜಹಾಂಗೀರನು ಮದ್ಯಕ್ಕೂ ಅಫೀಮಿಗೂ ಎಷ್ಟು ವಶನಾಗಿದ್ದನೆಂಬುದನ್ನು ಅದೇ ಗ್ರಂಥ ಹೇಳುತ್ತದೆ.

ಕಾಫಿಯೂ ಹುಟ್ಟುತ್ತಲೇ ಮರ್ಯಾದಸ್ಥ ಪಾನೀಯವಾಗಿರಲಿಲ್ಲ. 1511ರಲ್ಲಿ ಮೆಕ್ಕಾದ ಅಧಿಕಾರಿ ಖೈರ್ ಬೇಗನು ಅದನ್ನು ಅಮಲಿನ ವಸ್ತುವೆಂದು ಘೋಷಿಸಿ ನಿಷೇಧಿಸಿದ. ಆ ಆಜ್ಞೆ ಕೈರೋದ ಸುಲ್ತಾನನ ಮುಂದೆ ನಿಲ್ಲಲಿಲ್ಲ. ಲಂಡನ್ನಿನಲ್ಲಿ ಎರಡನೆಯ ಚಾರ್ಲ್ಸನು 1675ರ ಕೊನೆಯಲ್ಲಿ ಕಾಫಿಗೃಹಗಳನ್ನು ಮುಚ್ಚಿಸಲು ಹೊರಟು, ಜನರ ಗದ್ದಲಕ್ಕೆ ಹೆದರಿ ಕೆಲವೇ ದಿನಗಳಲ್ಲಿ ಹಿಂದೆಗೆದುಕೊಂಡ. ಅವನ ಭಯ ಕಾಫಿಯನ್ನು ಕುರಿತದ್ದಲ್ಲ, ಅಲ್ಲಿ ನಡೆಯುತ್ತಿದ್ದ ರಾಜಕೀಯದ ಮಾತುಕತೆಯನ್ನು ಕುರಿತದ್ದು. ನಮ್ಮಲ್ಲಿಗೆ ಈ ಬೀಜವನ್ನು ಬಾಬಾಬುಡನ್ ಅವರು ಮೋಖಾ ರೇವಿನಿಂದ ತಂದರೆಂಬ ಐತಿಹ್ಯ ಚಿಕ್ಕಮಗಳೂರಿನ ಗಿರಿಗೇ ಅವರ ಹೆಸರನ್ನು ಕೊಟ್ಟಿದೆ. ಫಕೀರರೊಬ್ಬರು ತಂದ ಏಳು ಬೀಜಗಳು ಮಡಿವಂತರ ಅಡಿಗೆಮನೆಯ ಒಲೆಯವರೆಗೆ ಬಂದುವು. 1957ರಲ್ಲಿ ಕಾಫಿಗೃಹದ ನೌಕರರು ಬೆಂಗಳೂರಿನಲ್ಲಿ ತಮ್ಮದೇ ಸಹಕಾರ ಸಂಘವನ್ನು ಕಟ್ಟಿಕೊಳ್ಳುವ ವೇಳೆಗೆ, ಪಟ್ಟಣಿಗರಿಗೆ ಕಾಫಿಯಿಲ್ಲದ ಸಾಹಿತ್ಯಚರ್ಚೆಯನ್ನು ಊಹಿಸಿಕೊಳ್ಳುವುದೇ ಕಷ್ಟವಾಗಿತ್ತು. ಗಾಂಧೀಜಿ ಮಾತ್ರ ಆಗಾಖಾನ್ ಅರಮನೆಯ ಸೆರೆವಾಸದಲ್ಲಿ ಆರೋಗ್ಯವನ್ನು ಕುರಿತು ಬರೆದ ಪುಸ್ತಕದಲ್ಲಿ, ಚಹಾ ಕಾಫಿಗಳು ದೇಹಕ್ಕೆ ಅಗತ್ಯವಲ್ಲವೆಂದು ಸ್ಪಷ್ಟವಾಗಿ ಹೇಳಿದರು. ಗಾಂಧೀಜಿಯ ಎಲ್ಲ ಮಾತುಗಳನ್ನು ತಲೆಬಾಗಿ ಕೇಳುತ್ತಿದ್ದ ತಂದೆಯವರು ಈ ಒಂದು ಮಾತನ್ನು ಲೋಟ ಕೆಳಗಿಡದೆಯೇ ಕೇಳಿದರು.

ಕಾಫಿಯ ಒಳಗಿರುವ ಸತ್ತ್ವವನ್ನು ಬೇರ್ಪಡಿಸುವ ಕೆಲಸಕ್ಕೆ ಪ್ರೇರಣೆ ಕೊಟ್ಟವನು ಒಬ್ಬ ಕವಿ ಎಂಬುದು ಸಾಹಿತ್ಯಪ್ರಿಯರಿಗೆ ಸಂತೋಷದ ಸಂಗತಿ. ಜರ್ಮನಿಯ ಮಹಾಕವಿ ಗಯಟೆಯು ರುಂಗೆ ಎಂಬ ತರುಣ ರಸಾಯನವಿಜ್ಞಾನಿಗೆ ಒಂದಷ್ಟು ಕಾಫಿಬೀಜ ಕೊಟ್ಟು, ಇದನ್ನು ಪರೀಕ್ಷಿಸು ಎಂದ. 1819ರಲ್ಲಿ ಅದರಿಂದ ಕೆಫೀನ್ ದೊರೆಯಿತು. ಅಂದಿನಿಂದ ಪ್ರಶ್ನೆ ಧರ್ಮಾಧಿಕಾರಿಗಳ ಕೈಯಿಂದ ವಿಜ್ಞಾನಿಗಳ ಕೈಗೆ ಬಂದಿತು.

ವಿಜ್ಞಾನಿಗಳಿಗಾದರೂ ಗೆರೆ ಎಳೆಯುವುದು ಸುಲಭವಾಯಿತೆ? ವಿಶ್ವ ಆರೋಗ್ಯ ಸಂಸ್ಥೆಯ ತಜ್ಞರು 1957ರಲ್ಲಿ ವ್ಯಸನ ಬೇರೆ, ರೂಢಿ ಬೇರೆ ಎಂದು ವ್ಯಾಖ್ಯಾನ ಬರೆದರು. ತಡೆಯಲಾರದ ತುಡಿತ, ಏರುತ್ತ ಹೋಗುವ ಪ್ರಮಾಣ, ಸಮಾಜಕ್ಕೂ ತಟ್ಟುವ ಹಾನಿ ಇದ್ದರೆ ವ್ಯಸನ. ಬರಿಯ ಆಸೆ ಇದ್ದು, ಕೇಡು ಬಹುಮಟ್ಟಿಗೆ ತನಗೊಬ್ಬನಿಗೇ ಆದರೆ ರೂಢಿ. ಏಳು ವರ್ಷ ಕಳೆಯುವುದರೊಳಗೆ, 1964ರಲ್ಲಿ, ಈ ಎರಡು ಹೆಸರುಗಳೂ ಗೊಂದಲಕ್ಕೆ ಎಡೆಮಾಡುತ್ತವೆ ಎಂದು ಅವರೇ ಕೈಬಿಟ್ಟು, 'ಅವಲಂಬನೆ' ಎಂಬ ಒಂದೇ ಪದ ಸಾಕೆಂದರು. ಅದೇ ವರ್ಷ ಅಮೆರಿಕದ ಸರ್ಜನ್ ಜನರಲ್ಲರ ಪ್ರಸಿದ್ಧ ವರದಿ ಹೊರಬಂದಿತು. ಸಿಗರೇಟು ಶ್ವಾಸಕೋಶದ ಕ್ಯಾನ್ಸರಿಗೆ ಕಾರಣವೆಂದು ಧೈರ್ಯವಾಗಿ ಹೇಳಿದ ಆ ವರದಿಯೇ, ತಂಬಾಕು ವ್ಯಸನವಲ್ಲ, ರೂಢಿ ಎಂದಿತು. 1988ರ ವರದಿ ಬಂದಾಗ ಅದೇ ಕಚೇರಿ ನಿಕೊಟಿನ್ ವ್ಯಸನಕಾರಿಯೆಂದು ಸಾರಿತು. ನಡುವಿನ 24 ವರ್ಷಗಳಲ್ಲಿ ಸೊಪ್ಪು ಬದಲಾಗಲಿಲ್ಲ, ಸೇದುವವನ ದೇಹವೂ ಬದಲಾಗಲಿಲ್ಲ, ತಿಳಿವಳಿಕೆ ಬದಲಾಯಿತು. ಕಾಫಿಯನ್ನು ಬಿಟ್ಟಾಗ ಬರುವ ಬಾಧೆಯನ್ನು ಅಮೆರಿಕದ ಮನೋವೈದ್ಯರ ಕೈಪಿಡಿ 2013ರಲ್ಲಿ ರೋಗಲಕ್ಷಣವೆಂದು ಒಪ್ಪಿಕೊಂಡಿತು. ಕಾಫಿಯ ಸೇವನೆಯೇ ವ್ಯಸನವೆ ಎಂಬುದನ್ನು ಮುಂದಿನ ಅಧ್ಯಯನಕ್ಕೆ ಬಿಟ್ಟಿತು.

ಈ ಬಾಧೆಯನ್ನು ನಾನು ಸ್ವತಃ ಅನುಭವಿಸಿ ತಿಳಿದೆ. ಕೆಲವು ವರ್ಷಗಳ ಹಿಂದೆ ಉದರದ ತೊಂದರೆಗಾಗಿ ವೈದ್ಯರು ಕಾಫಿಯನ್ನು ಪೂರ್ತಿ ನಿಲ್ಲಿಸಲು ಹೇಳಿದರು. ಮಾರನೆಯ ದಿನ ಮಧ್ಯಾಹ್ನದ ಹೊತ್ತಿಗೆ ಹಣೆಯ ಎರಡೂ ಕಡೆ ಸುತ್ತಿಗೆಯಿಂದ ಬಡಿದಂತಾಗತೊಡಗಿತು. ಪತ್ರಿಕೆಯ ಅಕ್ಷರಗಳು ಬೇಡವಾದುವು. ಹೆಂಡತಿಯ ಮೇಲೆ ಕಾರಣವಿಲ್ಲದೆ ರೇಗಿದೆ. ಹೆದರಿ ವೈದ್ಯರ ಬಳಿಗೆ ಹೋದರೆ ಆ ತರುಣ ನಕ್ಕು, "ದಿನಕ್ಕೆ ಎಷ್ಟು ಕಾಫಿ ಸಾರ್?" ಎಂದು ಕೇಳಿದ. ನಾಲ್ಕೆಂದೆ. ಆಯಾಸವನ್ನು ಮಿದುಳಿಗೆ ತಿಳಿಸುವ ಒಂದು ವಸ್ತುವಿನ ಪೀಠದಲ್ಲಿ ಕೆಫೀನ್ ಕುಳಿತುಬಿಡುತ್ತದೆ, ಅದು ಎದ್ದುಹೋದಾಗ ದೇಹಕ್ಕೆ ಹೊಂದಿಕೊಳ್ಳಲು ಕೆಲವು ದಿನ ಬೇಕು, ಸಾಮಾನ್ಯವಾಗಿ ಎರಡರಿಂದ ಒಂಬತ್ತು ದಿನ ಎಂದು ಬಿಡಿಸಿ ಹೇಳಿದ. ಮನೆಗೆ ಬಂದು ಕಿಟಕಿಯ ಸರಳಿಗೆ ಹಣೆ ಒತ್ತಿಕೊಂಡು ಕುಳಿತೆ. ಸರಳಿನ ತಣ್ಪು ಹಣೆಗೆ ತಾಗಿದೊಡನೆ, ಹಾಗೆಯೇ ಕುಳಿತಿದ್ದ ಇನ್ನೊಬ್ಬರು ನೆನಪಾದರು.

1971ರಲ್ಲಿ ನಾವು ಕಾಶಿಗೆ ಹೋಗಿದ್ದೆವು; ತಂದೆ, ತಾಯಿ, ಅತ್ತೆ ಮತ್ತು ಹನ್ನೆರಡು ವರ್ಷದ ನಾನು. ತಂದೆಯವರ ಕಾಫಿಗಾಗಿ ಒಂದು ಚೀಲವೇ ಬೇರೆಯಾಗಿ ಪ್ರಯಾಣ ಮಾಡಿತು. ಅದರಲ್ಲಿ ಪುಡಿ, ಫಿಲ್ಟರು, ಒಂದು ಸ್ಟೌ ಇದ್ದುವು. ಕಾಶಿಯಲ್ಲಿ ಪ್ರಿಯವಾದದ್ದೊಂದನ್ನು ಬಿಟ್ಟುಬರಬೇಕೆಂಬುದು ಎಲ್ಲರಿಗೂ ತಿಳಿದ ಸಂಪ್ರದಾಯ. ತಂದೆಯವರು ಹಾಗಲಕಾಯಿ ಬಿಟ್ಟರು. ಅದನ್ನು ಅವರು ಎಂದೂ ತಿಂದವರಲ್ಲ. ತಾಯಿ ಸೀಬೆಹಣ್ಣು ಬಿಟ್ಟರು. ಅತ್ತೆ ನೀರಿನಲ್ಲಿ ನಿಂತು, ಸೊಂಟದ ಗಂಟು ಬಿಚ್ಚಿ, ಯಾರೂ ಹೇಳದೆ, ಡಬ್ಬಿಯನ್ನು ಗಂಗೆಗೆ ಹಾಕಿಬಿಟ್ಟರು.

ಹಿಂದಿರುಗುವ ರೈಲಿನಲ್ಲಿ ಅವರು ಕಿಟಕಿಯ ಸರಳಿಗೆ ಹಣೆ ಒತ್ತಿಕೊಂಡು ಕುಳಿತವರು ಏಳಲಿಲ್ಲ. ಊಟ ಬೇಡವೆಂದರು. ಎಂದೂ ಗದರದವರು ನನ್ನನ್ನು ಗದರಿದರು. "ಅಕ್ಕನಿಗೆ ಗಂಗೆ ಸಾಲದು, ನಶ್ಯವೇ ಬೇಕು" ಎಂದು ತಂದೆಯವರು ನಕ್ಕರು, ನಾವೂ ನಕ್ಕೆವು. ಊರಿಗೆ ಬಂದು ಹದಿನೈದು ದಿನವಾಗಿರಬಹುದು. ಅತ್ತೆ ನನ್ನನ್ನು ಹಿತ್ತಲಿಗೆ ಕರೆದು, ಕೈಯಲ್ಲೊಂದು ನಾಣ್ಯವಿಟ್ಟು, "ಮಗೂ, ಒಂದೇ ಒಂದು ಪೊಟ್ಟಣ" ಎಂದರು. ನಾನು ನಾಣ್ಯವನ್ನು ಕಟ್ಟೆಯ ಮೇಲಿಟ್ಟು, ಕಾಶಿಯಲ್ಲಿ ಬಿಟ್ಟದ್ದನ್ನು ಮುಟ್ಟಿದರೆ ಪಾಪ ಬರುತ್ತದೆ ಎಂದೆ. ಅಷ್ಟಕ್ಕೇ ಸುಮ್ಮನಿರದೆ ರಾತ್ರಿ ಊಟದ ಪಂಕ್ತಿಯಲ್ಲಿ ಎಲ್ಲರಿಗೂ ಕೇಳುವಂತೆ ಹೇಳಿದೆ. ದೊಡ್ಡ ನಗೆ ಎದ್ದಿತು. ಬಡಿಸುತ್ತಿದ್ದ ಅತ್ತೆ ಸಾರಿನ ಪಾತ್ರೆಯನ್ನು ಕೆಳಗಿಟ್ಟು ಒಳಗೆ ಹೋದರು. ಮತ್ತೆ ಅವರು ನಶ್ಯವನ್ನು ಮುಟ್ಟಲಿಲ್ಲ. ನನಗೆ ಯಾವ ಕೆಲಸವನ್ನೂ ಹೇಳಲಿಲ್ಲ.

ನಿತ್ಯದ ರೂಢಿಗಳು ವ್ಯಸನಗಳೇ ಎಂದರೆ, ಕೆಲವು ಹೌದು ಎನ್ನಬೇಕು. ಆದರೆ ಎಲ್ಲವೂ ಒಂದೇ ತೂಕದವಲ್ಲ. ಕಾಫಿಯ ತಲೆನೋವು ವಾರದಲ್ಲಿ ಇಳಿಯುತ್ತದೆ. ತಂಬಾಕು ಯಾವ ರೂಪದಲ್ಲಿ ಬಂದರೂ ಕೆಡುಕೇ. ಅದಕ್ಕಾಗಿಯೇ ನಮ್ಮ ಸರ್ಕಾರ 2013ರಲ್ಲಿ ಗುಟ್ಕಾವನ್ನು ನಿಷೇಧಿಸಿತು. ವಸ್ತುವಿನ ಕೇಡನ್ನು ವೈದ್ಯರು ಅಳೆಯಲಿ, ಸರ್ಕಾರ ತಡೆಯಲಿ. ನನ್ನ ತಕರಾರು ನಾವು ಮನೆಗಳಲ್ಲಿ ಬಳಸುವ ಅಳತೆಗೋಲಿನ ಮೇಲೆ. ಸಂಪಾದಿಸುವವನದು ಅಭ್ಯಾಸ, ಆಶ್ರಯದಲ್ಲಿರುವವರದು ಚಟ. ಹಿರಿಯರದು ರೂಢಿ, ಕಿರಿಯರದು ಗೀಳು. ಇಂದು ಮೊಮ್ಮಗ ಮೊಬೈಲ್ ಹಿಡಿದು ಕುಳಿತಾಗ, ಕೈಯಲ್ಲಿ ಕಾಫಿಯ ಲೋಟ ಹಿಡಿದುಕೊಂಡೇ ನಾವೆಲ್ಲ 'ಚಟ' ಎನ್ನುತ್ತೇವೆ. ಮಿತಿಮೀರಿದ ಆಟದ ಗೀಳನ್ನು ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ರೋಗಗಳ ಪಟ್ಟಿಗೆ ಸೇರಿಸಿರುವುದು ನಿಜ. ಹಾಗಿದ್ದರೆ ರೋಗಿಯ ಬಳಿ ನಡೆದುಕೊಳ್ಳುವಂತೆ ಅವನ ಬಳಿಯೂ ನಡೆದುಕೊಳ್ಳಬೇಕಲ್ಲವೆ?

ಅತ್ತೆ ನಶ್ಯ ಬಿಟ್ಟದ್ದು ಒಳ್ಳೆಯದೇ ಆಯಿತು. ಆ ದಿನ ಪೊಟ್ಟಣ ತಂದುಕೊಡಬೇಕಾಗಿತ್ತು ಎಂದು ನಾನು ಹೇಳುತ್ತಿಲ್ಲ. ವ್ಯಸನವೆಂಬ ಪದಕ್ಕೆ ದುಃಖವೆಂಬ ಅರ್ಥವೂ ಇದೆಯೆಂದು ಮುಂದೆ ನೂರಾರು ವಿದ್ಯಾರ್ಥಿಗಳಿಗೆ ಪಾಠ ಹೇಳಿದ ನಾನು, ಅಂದು ಬಾವಿಕಟ್ಟೆಯ ಮೇಲೆ ಅವರ ಪಕ್ಕದಲ್ಲಿ ಸ್ವಲ್ಪ ಹೊತ್ತು ಕುಳಿತಿರಬೇಕಾಗಿತ್ತು.